ಗಣಿ ಇರುವ ತಾಲ್ಲೂಕಿಗೆ ಹಣ ತರಲು ಶಾಸಕರು ಏನು ಮಾಡಬಹುದು?

ಶಾಸಕರ ನಿಧಿಯೊಂದನ್ನೇ ನೋಡಬೇಡಿ. ಬಳ್ಳಾರಿಯಂಥ ಕಡೆ ಮುಖ್ಯವಾದದ್ದು ಜಿಲ್ಲಾ ಖನಿಜ ಪ್ರತಿಷ್ಠಾನ, ಅಂದರೆ ಗಣಿಯಿಂದ ತೊಂದರೆಯಾದ ಊರುಗಳಿಗಾಗಿ ಇರುವ ಜಿಲ್ಲೆಯ ನಿಧಿ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಬಂದಾಗ ಶುರುವಾಗಿದ್ದು. ಗಣಿ ಕಂಪನಿಗಳು ರಾಜಧನದ (ಖನಿಜ ತೆಗೆದದ್ದಕ್ಕೆ ಸರ್ಕಾರಕ್ಕೆ ಕೊಡುವ ಹಣ) ಜೊತೆಗೆ, ಅದರ ಶೇ. 30ರಷ್ಟನ್ನು ಇದಕ್ಕೂ ಕಟ್ಟಬೇಕು. ಹರಾಜಿನಲ್ಲಿ ಪಡೆದ ಗುತ್ತಿಗೆಯಾದರೆ ಶೇ. 10. ಜಿಲ್ಲೆಯ ಶಾಸಕರು ಇದರ ಆಡಳಿತ ಮಂಡಳಿ ಸದಸ್ಯರು. ದೂಳು ಕುಡಿಯುವ ಹಳ್ಳಿಗೆ ಮೊದಲು ನೀರು, ಆಸ್ಪತ್ರೆ ಕೊಡಿ ಅಂತ ಅಲ್ಲಿ ಹಟ ಹಿಡಿಯಬೇಕು. ಅದೇ ಅವರ ನಿಜವಾದ ಕೆಲಸ ಅಂತ ನನ್ನ ಅನಿಸಿಕೆ.

ಕಾನೂನಿನ ವಿಷಯ: ಕಬ್ಬಿಣದ ಅದಿರಿನ ಕಾಯ್ದೆ ಕೇಂದ್ರದ್ದು. ಮರಳು, ಕಟ್ಟಡ ಕಲ್ಲಿನ ನಿಯಮ ಮಾಡುವುದು ರಾಜ್ಯ. ಖನಿಜ ಹಕ್ಕಿನ (ನೆಲದಿಂದ ಖನಿಜ ತೆಗೆಯುವ ಹಕ್ಕು) ಮೇಲೆ ರಾಜ್ಯಗಳು ತೆರಿಗೆ ಹಾಕಬಹುದು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೆರಿಗೆ ಬೇಕಾ, ಎಷ್ಟು ಅನ್ನೋದು ವಿಧಾನಸಭೆಯಲ್ಲೇ ತೀರ್ಮಾನವಾಗಬೇಕು, ಅಲ್ವಾ? ಹಾಗಾಗಿ ನಿಮ್ಮ ಶಾಸಕರನ್ನೇ ಕೇಳಿ.