ಬೇರೆ ಬೇರೆ ಭಾಷೆ, ಸಮುದಾಯಗಳಿಂದ ಬಂದ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದಲ್ಲಿ ಬೆಂಬಲ ಘಟಕ: ಎಲ್ಲಿಂದ ಶುರು ಮಾಡಬೇಕು?

ಘಟಕದ ಹೊಣೆ ಈಗಷ್ಟೇ ನಿಮ್ಮ ಹೆಗಲಿಗೆ ಬಂದಿದೆ, ಇದುವರೆಗೆ ಅಲ್ಲಿ ನಡೆದದ್ದು ವರ್ಷಕ್ಕೊಂದು ಸಾಂಸ್ಕೃತಿಕ ಉತ್ಸವ ಮಾತ್ರ, ಹೊರಗಿನಿಂದ ಬಂದ ಮಕ್ಕಳು ಮೊದಲ ವರ್ಷದಲ್ಲೇ ಓದು ಬಿಡುತ್ತಿದ್ದಾರೆ ಎಂದು ಬರೆದಿದ್ದೀರಿ. ಉತ್ಸವ ಇರಲಿ. ಆದರೆ ಕೈಯಲ್ಲಿರುವ ಹಣ ಮತ್ತು ಸಿಬ್ಬಂದಿಯ ಸಮಯವನ್ನು ಮೊದಲು ಪಾಠದ ಕಡೆಗೆ ತಿರುಗಿಸಿ ಎಂಬುದು ನನ್ನ ಸಲಹೆ.

ಇದಕ್ಕೆ ಗಟ್ಟಿಯಾದ ಆಧಾರವಿದೆ. 1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತಜ್ಞ ಯೂರಿ ಟ್ರೀಸ್‌ಮನ್, ಕ್ಯಾಲ್ಕುಲಸ್‌ನಲ್ಲಿ ಹಿಂದೆ ಬೀಳುತ್ತಿದ್ದ ಕಪ್ಪು ವಿದ್ಯಾರ್ಥಿಗಳು ಹೇಗೆ ಓದುತ್ತಾರೆಂದು ಹತ್ತಿರದಿಂದ ನೋಡಿದರು. ಶ್ರದ್ಧೆ ಸಾಲದು, ಮನೆಯ ಬೆಂಬಲ ಸಾಲದು ಎಂಬ ಅಧ್ಯಾಪಕರ ಊಹೆಗಳು ಸುಳ್ಳಾದವು. ಆ ವಿದ್ಯಾರ್ಥಿಗಳು ಕಷ್ಟಪಟ್ಟೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನೀ ಮೂಲದ ಸಹಪಾಠಿಗಳು ಒಟ್ಟಿಗೆ ಕೂತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಟ್ರೀಸ್‌ಮನ್ 'ಹಿಂದುಳಿದವರಿಗೆ ವಿಶೇಷ ತರಗತಿ' ತೆರೆಯಲಿಲ್ಲ. ಕಷ್ಟದ ಲೆಕ್ಕಗಳನ್ನು ಗುಂಪಿನಲ್ಲಿ ಬಿಡಿಸುವ ಕಾರ್ಯಾಗಾರ ಶುರು ಮಾಡಿದರು. ಅದಕ್ಕೆ ಬಂದವರ ಅಂಕಗಳು ಗಮನಾರ್ಹವಾಗಿ ಏರಿದವು.

ನೀವೂ ಹಾಗೇ ಮಾಡಿ. ಮೊದಲ ವರ್ಷದಲ್ಲಿ ಅತಿ ಹೆಚ್ಚು ಜನ ಫೇಲಾಗುವ ಒಂದೇ ಒಂದು ವಿಷಯ ಆರಿಸಿಕೊಳ್ಳಿ. 4ರಿಂದ 6 ಜನರ ಗುಂಪು, ವಾರಕ್ಕೆ ಎರಡು ಬಾರಿ, ಪ್ರತಿ ಸಲ ಒಂದೂವರೆಯಿಂದ ಎರಡು ಗಂಟೆ. ನಡೆಸುವ ಹಿರಿಯ ವಿದ್ಯಾರ್ಥಿ ಪಾಠ ಮಾಡಬಾರದು. ಪ್ರಶ್ನೆ ಕೇಳುತ್ತಾ ಗುಂಪಿನ ಬಾಯಿಂದಲೇ ಉತ್ತರ ಬರಿಸಬೇಕು. ಈ ಕೆಲಸಕ್ಕೆ ತರಬೇತಿ ಕೊಡಿ, ಸಂಬಳವನ್ನೂ ಕೊಡಿ. ಒಂದೇ ಸಮುದಾಯದ ನಾಲ್ಕು ಮಕ್ಕಳಿಂದ ವರ್ಷವಿಡೀ ಪುಕ್ಕಟೆ ಸೇವೆ ಮಾಡಿಸಿಕೊಂಡರೆ ಅವರ ಓದೇ ಕೆಡುತ್ತದೆ. ಗುಂಪು ಎಲ್ಲರಿಗೂ ತೆರೆದಿರಲಿ, ಆದರೆ ಸಹಾಯ ಬೇಕಾದವರನ್ನು ಹೆಸರು ಹಿಡಿದು ಕರೆಯಿರಿ. ಒಂದು ಹಿನ್ನೆಲೆಯ ಒಬ್ಬರನ್ನೇ ಗುಂಪಿಗೆ ಹಾಕಬೇಡಿ, ಕನಿಷ್ಠ ಇಬ್ಬರಿರಲಿ. ಇಲ್ಲದಿದ್ದರೆ ಆ ಒಬ್ಬರು ಬಾಯಿ ಬಿಡುವುದೇ ಇಲ್ಲ.

ಭಾಷೆಯ ವಿಷಯದಲ್ಲಿ ಅಧ್ಯಾಪಕರು ಪದೇ ಪದೇ ಮೋಸಹೋಗುತ್ತಾರೆ. ವಿದ್ಯಾರ್ಥಿ ಕಾರಿಡಾರಿನಲ್ಲಿ ಸರಾಗವಾಗಿ ಮಾತಾಡುತ್ತಾನೆ, ಉತ್ತರ ಪತ್ರಿಕೆ ಮಾತ್ರ ಬಡವಾಗಿರುತ್ತದೆ, 'ಸೋಮಾರಿ' ಎಂಬ ಹಣೆಪಟ್ಟಿ ಬೀಳುತ್ತದೆ. ಭಾಷಾಶಿಕ್ಷಣ ತಜ್ಞ ಜಿಮ್ ಕಮಿನ್ಸ್ ವಲಸೆ ಬಂದ ಶಾಲಾ ಮಕ್ಕಳ ಬಗ್ಗೆ ತೋರಿಸಿದ್ದು ಇದನ್ನೇ: ದಿನಬಳಕೆಯ ಮಾತು ಸುಮಾರು 2 ವರ್ಷದಲ್ಲಿ ಬರುತ್ತದೆ, ಓದು-ಬರಹದ ಭಾಷೆಗೆ 5ರಿಂದ 7 ವರ್ಷ ಹಿಡಿಯುತ್ತದೆ. ಆದ್ದರಿಂದ ಸ್ಲೈಡುಗಳು ತರಗತಿಗೆ ಒಂದು ದಿನ ಮುಂಚೆ ಸಿಗಲಿ, ಪಠ್ಯದ ಪ್ರತಿ ಘಟಕಕ್ಕೆ ಇಪ್ಪತ್ತು-ಮೂವತ್ತು ಪಾರಿಭಾಷಿಕ ಪದಗಳ ಪಟ್ಟಿ ಇರಲಿ, 'ವಿಮರ್ಶಿಸಿ', 'ಹೋಲಿಸಿ' ಎಂದರೆ ಏನನ್ನು ನಿರೀಕ್ಷಿಸುತ್ತಾರೆ ಎಂಬುದಕ್ಕೆ ಒಂದು ಮಾದರಿ ಉತ್ತರ ಕೊಡಿಸಿ. ಇದರಿಂದ ತರಗತಿಯ ಎಲ್ಲರಿಗೂ ಲಾಭ, ಹಾಗಾಗಿ ಅಧ್ಯಾಪಕರನ್ನು ಒಪ್ಪಿಸುವುದೂ ಸುಲಭ.

ಸಹಾಯ ಬೇಕಾದವರು ತಾವಾಗಿ ಬರುತ್ತಾರೆಂದು ಕಾಯಬೇಡಿ. ತೀರಾ ಕಷ್ಟದಲ್ಲಿರುವವರೇ ಬಾಗಿಲು ತಟ್ಟುವುದಿಲ್ಲ. ಒಬ್ಬ ಮಾರ್ಗದರ್ಶಿಗೆ 8-10 ವಿದ್ಯಾರ್ಥಿಗಳಂತೆ ಹಂಚಿ, ಮೊದಲ ವಾರ, ಮೂರನೇ ವಾರ, ಮೊದಲ ಪರೀಕ್ಷೆಯ ಫಲಿತಾಂಶ ಬಂದ ಕೂಡಲೇ, ಹೀಗೆ ಮೂರು ಸಲ ಮಾರ್ಗದರ್ಶಿಯೇ ಮಾತಾಡಿಸಲಿ. ಈ ಮೂರನೆಯದು ಎಲ್ಲಕ್ಕಿಂತ ಮುಖ್ಯ: ಮೊದಲ ಕಡಿಮೆ ಅಂಕವನ್ನು ಹೊಸಬರು 'ಇದು ನನ್ನಂಥವರ ಜಾಗವಲ್ಲ' ಎಂದೇ ಓದಿಕೊಳ್ಳುತ್ತಾರೆ.

ಕಚೇರಿಯ ಕೆಲಸಗಳಲ್ಲಿ ಎರಡನ್ನು ತಕ್ಷಣ ಸರಿಪಡಿಸಬಹುದು. ಅರ್ಜಿಯಲ್ಲಿ ಕುಲನಾಮ ಕಡ್ಡಾಯವಿದ್ದರೆ ತೆಗೆಸಿ. ಒಂದೇ ಹೆಸರಿರುವವರು ಅಲ್ಲಿ ಏನನ್ನೋ ತುಂಬುತ್ತಾರೆ, ಮುಂದೆ ಗುರುತಿನ ಚೀಟಿಗೂ ಅಂಕಪಟ್ಟಿಗೂ ಹೆಸರು ತಾಳೆಯಾಗದೆ ವಿದ್ಯಾರ್ಥಿವೇತನ ಸಿಕ್ಕಿಕೊಳ್ಳುತ್ತದೆ. ಇನ್ನೊಂದು, ಪರೀಕ್ಷಾ ವೇಳಾಪಟ್ಟಿ ಅಂತಿಮವಾಗುವ ಮುನ್ನ ಎಲ್ಲ ಸಮುದಾಯಗಳ ಹಬ್ಬ, ವ್ರತಗಳ ದಿನಾಂಕ ಪರೀಕ್ಷಾ ವಿಭಾಗದ ಮುಂದಿರಲಿ. ಹಳೆಯ ಪಟ್ಟಿ ನಡೆಯುವುದಿಲ್ಲ. ರಂಜಾನ್ ಪ್ರತಿ ವರ್ಷ ಹಿಂದಿನ ವರ್ಷಕ್ಕಿಂತ 10-11 ದಿನ ಮುಂಚೆ ಬರುತ್ತದೆ.

ದೂರುಗಳ ವಿಷಯದಲ್ಲಿ ಮಾತ್ರ ಎಚ್ಚರ. ಸಾಂತ್ವನ ಹೇಳುವವರೇ ತನಿಖೆ ಮಾಡಬಾರದು; ಇಬ್ಬರೂ ಬೇರೆಯಾಗಿರಲಿ. ಯಾವುದನ್ನು ಗುಟ್ಟಾಗಿ ಇಡಲು ಆಗುವುದಿಲ್ಲ ಎಂಬುದನ್ನು ವಿದ್ಯಾರ್ಥಿ ಬಾಯಿ ಬಿಡುವ ಮುಂಚೆಯೇ ತಿಳಿಸಿ. ಆಮೇಲೆ ತಿಳಿದರೆ ಆ ಒಬ್ಬರಷ್ಟೇ ಅಲ್ಲ, ಅವರ ಗೆಳೆಯರ ಬಳಗವೇ ನಿಮ್ಮ ಕಚೇರಿಯತ್ತ ತಲೆ ಹಾಕುವುದಿಲ್ಲ.

ಇವೆಲ್ಲ ಫಲ ಕೊಡುತ್ತಿವೆಯೇ ಎಂದು ತಿಳಿಯಲು ಉತ್ಸವಕ್ಕೆ ಬಂದವರ ತಲೆ ಎಣಿಸಬೇಡಿ. ಕುಲಸಚಿವರ ಕಚೇರಿಯಿಂದ ಮೊದಲ ವರ್ಷ ಮುಗಿಸಿ ಎರಡನೆಯದಕ್ಕೆ ಹೋದವರ ಪ್ರಮಾಣವನ್ನು ವಿಷಯವಾರು, ಹಿನ್ನೆಲೆವಾರು ಕೇಳಿ. ಐದಕ್ಕಿಂತ ಕಡಿಮೆ ಜನರಿರುವ ಗುಂಪಿನ ಅಂಕಿ ಪ್ರಕಟಿಸಬೇಡಿ, ಯಾರೆಂದು ತಿಳಿದುಬಿಡುತ್ತದೆ. ಎರಡು-ಮೂರು ವರ್ಷಗಳದ್ದನ್ನು ಕೂಡಿಸಿ ನೋಡಿ.