ಹಗಲು–ರಾತ್ರಿಯ ಮಿದುಳುಗಳಲ್ಲಿ ವ್ಯತ್ಯಾಸ ಕಾಣದಿರುವ ಬಗ್ಗೆ

ಹಣ್ಣುನೊಣದ ಗಡಿಯಾರ ನರಕೋಶಗಳ (ದೇಹದ ದಿನಚಕ್ರವನ್ನು ನಡೆಸುವ ಮಿದುಳಿನ ಕೋಶಗಳ) ಕವಲುಗಳು ಹಗಲು–ರಾತ್ರಿ ಆಕಾರ ಬದಲಿಸುತ್ತವೆ ಎಂದಿದ್ದರೂ, ಬೆಳಿಗ್ಗೆ 8ಕ್ಕೂ ರಾತ್ರಿ 8ಕ್ಕೂ ಒಂದೇ ರೀತಿ ಕಂಡವು ಎಂದು ನೀವು ಬರೆದಿದ್ದೀರಿ. ಇದಕ್ಕೆ ನೀವು ಆರಿಸಿಕೊಂಡ ಸಮಯವೇ ಕಾರಣವಿರಬೇಕು. ನೊಣಗಳನ್ನು ಇರಿಸಿದ ನಿಮ್ಮ ಪೆಟ್ಟಿಗೆಯಲ್ಲಿ ದೀಪ ಹತ್ತುವುದೂ ಆರುವುದೂ ಅದೇ ಹೊತ್ತಿಗೆ. ಆದರೆ 2008ರಲ್ಲಿ ಬ್ಯೂನಸ್ ಐರಿಸ್‌ನ ಸಂಶೋಧಕರು ಈ ಬದಲಾವಣೆಯನ್ನು ವರದಿ ಮಾಡಿದಾಗ ಮುಖ್ಯವಾಗಿ ಹೋಲಿಸಿದ್ದು ದೀಪ ಹತ್ತಿದ 2 ಗಂಟೆಯ ಮತ್ತು ಆರಿದ 2 ಗಂಟೆಯ ನಂತರದ ಮಿದುಳುಗಳನ್ನು. ಹಗಲಿನ ಆರಂಭದಲ್ಲಿ ಕವಲುಗಳು ಹರಡಿಕೊಂಡಿರುತ್ತವೆ, ರಾತ್ರಿಯ ಆರಂಭದಲ್ಲಿ ಒತ್ತಾಗಿ ಮುದುಡಿರುತ್ತವೆ.

ಆದ್ದರಿಂದ ಮೊದಲು ನೊಣಗಳನ್ನು 12 ಗಂಟೆ ಬೆಳಕು, 12 ಗಂಟೆ ಕತ್ತಲೆಯ ಚಕ್ರದಲ್ಲಿ ಕೆಲವು ದಿನ ಇರಿಸಿ, ಬೆಳಿಗ್ಗೆ 10ಕ್ಕೂ ರಾತ್ರಿ 10ಕ್ಕೂ ಸಂಗ್ರಹಿಸಿ. ರಾತ್ರಿಯ ನೊಣಗಳನ್ನು ಮಂದ ಕೆಂಪು ಬೆಳಕಿನಲ್ಲಿ ತೆಗೆದು, ಮಿದುಳನ್ನು ಬಿಡಿಸುವ ಮೊದಲೇ ಇಡೀ ತಲೆಯನ್ನು ಫಾರ್ಮಾಲ್ಡಿಹೈಡ್ ದ್ರಾವಣಕ್ಕೆ ಹಾಕಿ.

ಕವಲುಗಳನ್ನು ನೋಡಲು ನೀವು ಪಿಡಿಎಫ್ (ಈ ಕೋಶಗಳು ಸ್ರವಿಸುವ ಪೆಪ್ಟೈಡ್, ಅಂದರೆ ಕಿರು ಪ್ರೋಟೀನು) ಇರುವಲ್ಲಿ ಅಂಟಿ ಬಣ್ಣ ತೋರಿಸುವ ಪ್ರತಿಕಾಯವೊಂದನ್ನೇ ನೆಚ್ಚಿಕೊಂಡಿರುವುದು ನನಗೆ ಹೆಚ್ಚು ಚಿಂತೆಯ ವಿಷಯ. ಕವಲುಗಳ ತುದಿಯಲ್ಲಿ ಆ ಪೆಪ್ಟೈಡಿನ ಪ್ರಮಾಣವೇ ಬೆಳಿಗ್ಗೆ ಹೆಚ್ಚಿ ರಾತ್ರಿ ತಗ್ಗುವುದರಿಂದ, ನಾಳೆ ವ್ಯತ್ಯಾಸ ಕಂಡರೂ ಬದಲಾದದ್ದು ರಚನೆಯೋ ಬಣ್ಣವೋ ಎಂದು ಹೇಳಲಾಗದು. ಕೋಶಪೊರೆಗೆ ಅಂಟಿಕೊಳ್ಳುವ ಜಿಎಫ್‌ಪಿಯನ್ನು (ಹಸಿರಾಗಿ ಹೊಳೆಯುವ ಪ್ರೋಟೀನನ್ನು) ಅದೇ ಕೋಶಗಳಲ್ಲಿ ವ್ಯಕ್ತವಾಗಿಸಿ ಅಳೆಯಿರಿ.

ಎಣಿಕೆಗೆ ಮೊದಲ ಕವಲು ಒಡೆಯುವ ಬಿಂದುವಿನಿಂದ 10 ಮೈಕ್ರೊಮೀಟರ್ ಅಂತರದ ವೃತ್ತಗಳನ್ನು ಎಳೆದು, ಅವನ್ನು ದಾಟುವ ಎಳೆಗಳನ್ನು ಲೆಕ್ಕಹಾಕಿ. ಎಣಿಸುವವರಿಗೆ ಚಿತ್ರದ ಸಮಯ ಗೊತ್ತಿರಬಾರದು. ಮಿದುಳು ಗಾಜಿನಡಿ ಚಪ್ಪಟೆಯಾಗಿದ್ದರೆ ಆ ಚಿತ್ರವನ್ನು ಬಿಟ್ಟುಬಿಡಿ.

ಜೊತೆಗೆ ದೇಹದ ಗಡಿಯಾರ ನಡೆಯಲು ಬೇಕಾದ ಪೀರಿಯಡ್ ಜೀನ್ ಕೆಲಸ ಮಾಡದ ನೊಣಗಳನ್ನೂ ಪರೀಕ್ಷಿಸಿ. ಅವುಗಳಲ್ಲೂ ಹಗಲು–ರಾತ್ರಿಯ ವ್ಯತ್ಯಾಸ ಕಂಡರೆ ನಿಮ್ಮ ಅಳತೆಯಲ್ಲೇ ದೋಷವಿರಬಹುದು.