ನಿಮ್ಮ ಪ್ರಶ್ನೆ: ಇಂಟರ್ನೆಟ್ ಫೋನಿಗೆ ಯಾವ ಡಬ್ಬ ತಗೊಳ್ಳೋದು?

ಪ್ರಶ್ನೆ: ಮೈಸೂರಿನ ಸಬರ್ಬ್ ಬಸ್ ಸ್ಟ್ಯಾಂಡ್ ಹತ್ರ ನಮ್ದೊಂದು ಲಾಡ್ಜ್ ಇದೆ, 24 ರೂಮು, ರೂಮಿಗೊಂದು ಫೋನು, ರಿಸೆಪ್ಷನ್‌ನಲ್ಲಿ ರೂಮಿನ ಫೋನುಗಳನ್ನ ಹೊರಗಿನ ಲೈನಿಗೆ ಜೋಡಿಸೋ ಹಳೇ ಇಪಿಎಬಿಎಕ್ಸ್ ಮೆಷೀನು. ಹೊರಗಿಂದ ಬರ್ತಿದ್ದ 2 ತಾಮ್ರದ ಲೈನ್ ತೆಗೆದು ಫೈಬರ್ ಹಾಕ್ತೀವಿ ಅಂತಿದಾರೆ. ಅಂಗಡಿಯವ್ರು 8 ಪೋರ್ಟಿನ ಎಫ್‌ಎಕ್ಸ್‌ಓ ಗೇಟ್‌ವೇಗೆ ಕೊಟೇಶನ್ ಕೊಟ್ಟಿದಾರೆ. ತಗೊಳ್ಳೋದಾ?
(ಲಾಡ್ಜ್ ಮಾಲೀಕರು, ಮೈಸೂರು)

ಉತ್ತರ: ಬೇಡ ಸಾರ್, ಕೊಟೇಶನ್ ಪಕ್ಕಕ್ಕಿಡಿ. ಗೇಟ್‌ವೇ ಅಂದ್ರೆ ಮಾಮೂಲಿ ಫೋನಿಗೂ ಇಂಟರ್ನೆಟ್ಟಿಗೂ ಮಧ್ಯೆ ಮಾತು ದಾಟಿಸೋ ಡಬ್ಬ. ಫೈಬರ್ ಹಾಕಿದಾಗ ಗೋಡೆಗೆ ಒಂದು ಸಣ್ಣ ಮೋಡೆಮ್ ಹೊಡೀತಾರಲ್ಲ, ಒಎನ್‌ಟಿ ಅಂತಾರೆ, ಅದರ ಹಿಂದೆ ಸಾಮಾನ್ಯವಾಗಿ ಫೋನ್ ವೈರ್ ಚುಚ್ಚೋ ಸಾಕೆಟ್ಟೂ ಇರುತ್ತೆ, ಅದರಿಂದ ಬರೋದು ಹಳೇ ಲೈನಿನಂಥದ್ದೇ ಡಯಲ್ ಟೋನು. ಆ ವೈರ್ ತಂದು ಇಪಿಎಬಿಎಕ್ಸ್‌ನಲ್ಲಿ ಹಳೇ ಲೈನ್ ಕೂತಿದ್ದ ಜಾಗಕ್ಕೇ ಹಾಕಿದ್ರೆ ಮುಗೀತು, ಗೇಟ್‌ವೇನೇ ಬೇಕಾಗಲ್ಲ. 2 ಲೈನಿಗೂ ಸಾಕೆಟ್ ಕೊಡ್ತಾರಾ ಅಂತ ಮೊದಲೇ ಕೇಳ್ಕೊಳ್ಳಿ ಅಷ್ಟೇ.

ಗೇಟ್‌ವೇ ಬೇಕಾಗೋದು ನೀವು ಸಿಪ್ ಟ್ರಂಕ್ ತಗೊಂಡ್ರೆ, ಅಂದ್ರೆ ಟೆಲಿಕಾಂ ಕಂಪನಿ ಫೋನ್ ಲೈನ್‌ನ ಡೇಟಾ ರೂಪದಲ್ಲೇ ಕೊಟ್ರೆ. ಆಗ್ಲೂ ಎಫ್‌ಎಕ್ಸ್‌ಓ ಅಲ್ಲ, ಎಫ್‌ಎಕ್ಸ್‌ಎಸ್ ಬೇಕು, ತುಂಬಾ ಜನ ಎಡವೋದು ಇಲ್ಲೇ. ಡಯಲ್ ಟೋನ್ ಕೊಡೋ ಪೋರ್ಟು ಎಫ್‌ಎಕ್ಸ್‌ಎಸ್, ಇಸ್ಕೊಳ್ಳೋ ಪೋರ್ಟು ಎಫ್‌ಎಕ್ಸ್‌ಓ. ನಿಮ್ಮ ಇಪಿಎಬಿಎಕ್ಸ್‌ನಲ್ಲಿ ಹೊರಗಿನ ಲೈನ್ ಹಾಕೋ ಟ್ರಂಕ್ ಪೋರ್ಟು ಹೊರಗಿಂದ ಟೋನ್ ಬರ್ಲಿ ಅಂತ ಕಾಯ್ತಾ ಕೂತಿರುತ್ತೆ, ಅದಕ್ಕೆ ಎಫ್‌ಎಕ್ಸ್‌ಓ ಡಬ್ಬ ಕಟ್ಟಿದ್ರೆ ಎರಡೂ ಇಸ್ಕೊಳ್ಳೋವೇ ಆಗಿ ಕೊಡೋರೇ ಇರಲ್ಲ. ಅನುಮಾನ ಇದ್ರೆ ಒಂದು ಮಾಮೂಲಿ ಫೋನ್ ತಗೊಂಡು ವೈರಿಗೆ ಹಾಕಿ ಕಿವಿಗಿಡಿ, ಟೋನ್ ಬಂದ್ರೆ ಆ ವೈರು ಹೋಗ್ಬೇಕಾದ್ದು ಎಫ್‌ಎಕ್ಸ್‌ಓಗೆ. ನಿಮ್ಮ 2 ಲೈನಿಗೆ 2 ಪೋರ್ಟಿನ ಎಫ್‌ಎಕ್ಸ್‌ಎಸ್ ಸಾಕು, ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ802 ಥರದ್ದು. 8 ಪೋರ್ಟ್ ಯಾತಕ್ಕೆ ಹೇಳಿದ್ರೋ, ಅವರನ್ನೇ ಕೇಳ್ಬೇಕು.

ಎಫ್‌ಎಕ್ಸ್‌ಓ ಬೇಕಾಗೋದು ತಾಮ್ರದ ಲೈನ್ ಉಳಿಸ್ಕೊಂಡು ಒಳಗೆ ನೆಟ್‌ವರ್ಕ್ ಕೇಬಲ್ ಮೇಲೆ ನಡೆಯೋ ಐಪಿ ಫೋನ್ ಹಾಕೋರಿಗೆ. ಅಂಥೋರು ಒಂದು ಸೆಟಿಂಗ್ ಮರೀಬಾರ್ದು. ನಮ್ಮ ದೇಶದಲ್ಲಿ ಬ್ಯುಸಿ ಟೋನು 400 ಹರ್ಟ್ಸು, ಮುಕ್ಕಾಲು ಸೆಕೆಂಡ್ ಕೂಗಿ ಮುಕ್ಕಾಲು ಸೆಕೆಂಡ್ ಸುಮ್ನಿರುತ್ತೆ. ಡಬ್ಬ ಅಮೆರಿಕದ ಸೆಟಿಂಗಲ್ಲೇ ಇದ್ರೆ ಈ ಟೋನ್ ಅದಕ್ಕೆ ಅರ್ಥ ಆಗ್ದೆ, ಆ ಕಡೆಯವ್ರು ಫೋನ್ ಇಟ್ರೂ ಲೈನ್ ಹಿಡ್ಕೊಂಡೇ ಕೂತಿರುತ್ತೆ. ದಸರಾ ಟೈಮಲ್ಲಿ ಬುಕಿಂಗ್‌ಗೆ ಫೋನ್ ಮಾಡೋರಿಗೆಲ್ಲ ಎಂಗೇಜ್ ಬಂದ್ರೆ ಹೆಂಗಿರುತ್ತೆ ಯೋಚ್ನೆ ಮಾಡಿ.

ಇನ್ನೊಂದು, ಡಬ್ಬಕ್ಕಿಂತ ದೊಡ್ಡದು ನಂಬರ್ ವಿಷಯ. ಮೊಬೈಲ್ ಥರ ಲ್ಯಾಂಡ್‌ಲೈನ್ ನಂಬರ್ ಪೋರ್ಟ್ ಮಾಡಿಸ್ಕೊಂಡು ಬೇರೆ ಕಂಪನಿಗೆ ಹೋಗೋಕಾಗಲ್ಲ. ಬೋರ್ಡು, ಬಿಲ್ ಬುಕ್ಕು, ಎಲ್ಲಾ ಕಡೆ ನಿಮ್ಮ 0821 ನಂಬರ್ ಅಚ್ಚಾಗಿದ್ರೆ ಈಗಿರೋ ಕಂಪನಿಲೇ ಫೈಬರಿಗೆ ಹೋಗಿ, ಅದೇ ನಂಬರ್ ಕೊಡ್ತೀವಿ ಅಂತ ಬರೆಸ್ಕೊಳ್ಳಿ. ತಾಮ್ರದ ಲೈನಿಗೆ ಎಕ್ಸ್‌ಚೇಂಜಿಂದಾನೇ ಕರೆಂಟ್ ಬರ್ತಿತ್ತು, ಫೈಬರಲ್ಲಿ ಬರಲ್ಲ, ಹಾಗಾಗಿ ಒಎನ್‌ಟಿನೂ ಯುಪಿಎಸ್ ಮೇಲೆ ಹಾಕ್ಸಿ.

ಪ್ರಶ್ನೆ: ಮಂಡ್ಯದಲ್ಲಿ ನಮ್ದು ಬೆಲ್ಲದ ವ್ಯಾಪಾರ. ಒಬ್ರು ಬಂದು, ನಿಮ್ಮ ಗೋಡೌನಲ್ಲಿ ಸಿಮ್ ಹಾಕೋ ಗೇಟ್‌ವೇ ಇಡ್ತೀವಿ, ಕರೆಂಟು ಇಂಟರ್ನೆಟ್ ಕೊಡಿ ಸಾಕು, ತಿಂಗಳಿಗೆ ಬಾಡಿಗೆ ಕೊಡ್ತೀವಿ ಅಂತಾರೆ. ಸಿಮ್ಮೂ ಅವ್ರದ್ದೇ. ಏನಾದ್ರೂ ತೊಂದ್ರೆ ಇದ್ಯಾ?
(ಬೆಲ್ಲದ ವ್ಯಾಪಾರಿ, ಮಂಡ್ಯ)

ಉತ್ತರ: ತೊಂದ್ರೆನಾ? ಪೊಲೀಸ್ರು ಮೊದಲು ಬರೋದೇ ನಿಮ್ಮ ಗೋಡೌನಿಗೆ ಅಣ್ಣ. ಇದು ಸಿಮ್ ಬಾಕ್ಸ್ ದಂಧೆ. ಫಾರಿನ್ನಿಂದ ಇಂಟರ್ನೆಟ್ ಮೇಲೆ ಬರೋ ಕಾಲ್‌ನ ಇಲ್ಲಿನ ಸಿಮ್ ಮೂಲಕ ಲೋಕಲ್ ಕಾಲ್ ಥರ ದಾಟಿಸ್ತಾರೆ, ತಗೊಂಡೋರ ಮೊಬೈಲಲ್ಲಿ ನಮ್ಮೂರ ನಂಬರೇ ಕಾಣುತ್ತೆ, ವಂಚನೆ ಮಾಡೋರಿಗೆ ಬೇಕಾಗಿರೋದೂ ಅದೇ. ಪರ್ಮಿಷನ್ ಇಲ್ದೆ ಟೆಲಿಕಾಂ ಸೇವೆ ನಡೆಸಿದ್ರೆ 2023ರ ದೂರಸಂಪರ್ಕ ಕಾಯ್ದೆ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 2 ಕೋಟಿವರೆಗೆ ದಂಡ, ಎರಡೂ ಆದ್ರೂ ಆಯ್ತು. ನಿಮ್ಮದೇ ಹೆಸರಿನ ಸಿಮ್ ಹಾಕ್ಕೊಂಡು ನಿಮ್ಮ ವ್ಯಾಪಾರದ ಮಾತಾಡೋಕೆ ಒಂದು ಸಣ್ಣ ಜಿಎಸ್‌ಎಂ ಗೇಟ್‌ವೇ ಇಟ್ಕೊಳ್ಳೋದು ಬೇರೆ, ಇದು ಬೇರೆ. ಆಧಾರ್ ಕಾಪಿ ಏನಾದ್ರೂ ಆಗ್ಲೇ ಕೊಟ್ಟಿದ್ರೆ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಇವತ್ತೇ ನೋಡ್ಕೊಳ್ಳಿ.

ಪ್ರಶ್ನೆ: ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಯೂನಿಟ್. ಗೇಟ್‌ವೇ ಹಾಕಿಸಿದ್ಮೇಲೆ ಅವರ ಮಾತು ನಮಗೆ ನೀಟಾಗಿ ಕೇಳುತ್ತೆ, ನಮ್ಮದು ಅವರಿಗೆ ತುಂಡು ತುಂಡಾಗಿ ಹೋಗುತ್ತಂತೆ. ಡಬ್ಬ ಬದಲಾಯಿಸ್ಲಾ?
(ಓದುಗರು, ಮೈಸೂರು)

ಉತ್ತರ: ಡಬ್ಬದ ಮೇಲೆ ಯಾಕೆ ಸಿಟ್ಟು, ನಿಮ್ಮ ಅಪ್‌ಲೋಡ್ ನೋಡಿ ಮೊದಲು. ಜಿ.711 ಕೋಡೆಕ್ಕಲ್ಲಿ (ಕೋಡೆಕ್ ಅಂದ್ರೆ ಮಾತನ್ನ ಡೇಟಾ ಮಾಡೋ ವಿಧಾನ) ಒಂದು ಕಾಲಿಗೆ ಒಂದೊಂದು ದಿಕ್ಕಿಗೂ ಸುಮಾರು 87 ಕೆಬಿಪಿಎಸ್ ಬೇಕು, 10 ಕಾಲ್ ಒಟ್ಟಿಗೆ ನಡೆದ್ರೂ 1 ಎಂಬಿಪಿಎಸ್ ದಾಟಲ್ಲ. ಆದ್ರೆ ಅದೇ ಲೈನಲ್ಲಿ ಸಿಸಿಟಿವಿ ರೆಕಾರ್ಡಿಂಗ್ ಕ್ಲೌಡಿಗೆ ಹೋಗ್ತಿದ್ರೆ ಮಾತಿನ ಪ್ಯಾಕೆಟ್ಟು ಕ್ಯೂ ನಿಲ್ಲುತ್ತೆ. ರೂಟರಲ್ಲಿ ಕ್ಯೂಒಎಸ್, ಅಂದ್ರೆ ಯಾವ ಡೇಟಾ ಮೊದಲು ಹೋಗ್ಬೇಕು ಅನ್ನೋ ಸೆಟಿಂಗ್, ಹಾಕಿ ಗೇಟ್‌ವೇಗೆ ಮೊದಲ ದಾರಿ ಕೊಡಿ, ಕ್ಯಾಮೆರಾದ ಅಪ್‌ಲೋಡ್ ರಾತ್ರಿಗೆ ಹಾಕಿ. ಗೇಟ್‌ವೇನ ವೈಫೈ ಎಕ್ಸ್‌ಟೆಂಡರಿಗೆ ಕಟ್ಟಿದ್ರೆ ಬಿಚ್ಚಿ ರೂಟರಿಗೇ ಕೇಬಲ್ ಎಳೆಸಿ. ಹಂಗೇ ಅದರ ಪಾಸ್‌ವರ್ಡ್ ಇನ್ನೂ ಅಡ್ಮಿನ್ ಅಂತಾನೇ ಇದ್ಯಾ ನೋಡಿ, ಹೊರಗಿಂದ ಯಾರಾದ್ರೂ ಒಳಗೆ ನುಗ್ಗಿ ಫಾರಿನ್ ಕಾಲ್ ಮಾಡಿದ್ರೆ ಬಿಲ್ ಬರೋದು ನಿಮಗೆ, ಐಎಸ್‌ಡಿ ಬೇಡ್ದಿದ್ರೆ ಕಂಪನಿಗೆ ಹೇಳಿ ಬಂದ್ ಮಾಡ್ಸಿ.